ಊಟ ಬಲ್ಲವನು

ಹೈದರಾಬಾದಿನ ಕಾಚಿಗುಡದಲ್ಲಿ ನಾನು ನೆಲೆಸಿದಂದಿನಿಂದ, ಬೆಳಗಿನ ಆರು ಗಂಟೆಯ ಸುಮಾರಿಗೆ ಇರಾನಿ ಹೋಟೆಲೊಂದರ ಅಮೃತಶಿಲೆಯ ಮೇಜಿನ ಮುಂದೆ ಕುಳಿತು, ಒಂದು ಬಟ್ಟಲು ಚಹಾವನ್ನೂ ಎರಡು ಉಸ್ಮಾನಿಯಾ ಬಿಸ್ಕತ್ತುಗಳನ್ನೂ ಸೇವಿಸುವುದು ನನಗೆ ನಿತ್ಯಕರ್ಮವಾಗಿ ಪರಿಣಮಿಸಿದೆ. ಶಾಸ್ತ್ರೋಕ್ತವಾದ ನಿತ್ಯಕರ್ಮಗಳಲ್ಲಿ ಲೋಪವುಂಟಾದ ದಿನಗಳು ಎಷ್ಟೋ ಇವೆ. ಇದರಲ್ಲಿ ಲೋಪವಾದ ದಿನಗಳನ್ನು ಬೆರಳು ಮಡಿಸಿ ಎಣಿಸಬಲ್ಲೆನು. ಕಲಬುರಗಿಯ ಕಡೆಯಿಂದ ಬಂದು ನಮ್ಮಲ್ಲಿ ಹದಿನೈದು ದಿನ ತಂಗಿದ್ದ ಬಂಧುಗಳೊಬ್ಬರು ಇದನ್ನು ಕಂಡು, "ದಿನಾ ಅದೇ ಚಹಾ, ಅದೇ ಬಿಸ್ಕೀಟು, ನಿಮಗ ಬ್ಯಾಸರ ಬರಂಗಿಲ್ಲೇನು?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆನು. ಆದರೆ ಅದು ನಗೆಯಿಂದ ತೀರುವ ಪ್ರಶ್ನೆಯಾಗಿರಲಿಲ್ಲ.

ಏಕೆಂದರೆ ಆ ಮಾತಿನೊಳಗೆ ಒಂದು ಸಿದ್ಧಾಂತವೇ ಅಡಗಿದೆ. ಸುಖವೆಂಬುದು ನೂತನತೆಯಿಂದ ಹುಟ್ಟುವುದು, ಪುನರಾವೃತ್ತಿಯಿಂದ ಸವೆಯುವುದು. ಆದುದರಿಂದ ಸುಖಾರ್ಥಿಯಾದವನು ಒಂದು ಪದಾರ್ಥದಿಂದ ಮತ್ತೊಂದಕ್ಕೆ, ಒಂದು ಭೋಜನಶಾಲೆಯಿಂದ ಇನ್ನೊಂದಕ್ಕೆ ಸರಿಯುತ್ತಲೇ ಇರಬೇಕು ಎಂಬುದೇ ಆ ಸಿದ್ಧಾಂತ. ಅತಿಪರಿಚಯವು ಅವಜ್ಞೆಗೆ ಕಾರಣವೆಂದು ಹಿರಿಯರೂ ಹೇಳಿದ್ದಾರೆ. ಈ ಮಹಾನಗರದಲ್ಲಿ ಕಳೆದ ವಾರ ಕೊರಿಯದ ಊಟ, ಈ ವಾರ ಮೆಕ್ಸಿಕೋದ ಊಟ ಎಂದು ನಡೆಯುತ್ತಿರುವ ವ್ಯಾಪಾರವೆಲ್ಲವೂ ಇದೇ ತಳಹದಿಯ ಮೇಲೆ ನಿಂತಿದೆ. ನನ್ನ ಅನುಭವವಾದರೋ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತದೆ.

ಇರಾನಿ ಚಹಾದ ಕ್ರಮ ಸರಳವಾದುದು. ಒಂದು ಪಾತ್ರೆಯಲ್ಲಿ ನೀರು, ಚಹಾಪುಡಿ, ಸಕ್ಕರೆಗಳು ಬಾಯಿ ಮುಚ್ಚಿಕೊಂಡು ಮಂದಾಗ್ನಿಯಲ್ಲಿ ಬಹಳ ಹೊತ್ತು ಬೇಯುತ್ತಿರುತ್ತವೆ. ಮತ್ತೊಂದರಲ್ಲಿ ಹಾಲು ಇಂಗಿ ಇಂಗಿ ಕೆನೆಗಟ್ಟುತ್ತಿರುತ್ತದೆ. ಇವೆರಡೂ ಒಂದನ್ನೊಂದು ಸಂಧಿಸುವುದು ಬಟ್ಟಲಿನಲ್ಲಿಯೇ. ಹಾಲಿನ ಪಾಲನ್ನು ಹೆಚ್ಚಾಗಿ ಬಯಸುವವನು 'ಪೌನಾ' ಎಂದು ಕೂಗುತ್ತಾನೆ. ಬಿಸ್ಕತ್ತಿನಲ್ಲಿ ಸಿಹಿಯೂ ಉಪ್ಪೂ ಒಂದರ ಹಿಂದೆ ಒಂದು ನಾಲಗೆಗೆ ತಗಲುವುವು; ಕಡೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಹೆಸರನ್ನು ಹೊತ್ತಿದ್ದರೂ ಅದು ಬಡವನ ಜೇಬಿಗೆ ನಿಲುಕುವ ತಿಂಡಿ. ಮೊದಲ ತಿಂಗಳಿನಲ್ಲಿ ನನಗೆ ತಿಳಿದುದು ಇಷ್ಟೇ: ಚಹಾ ಮಂದವಾಗಿದೆ, ಸಕ್ಕರೆ ಅತಿಯಾಗಿದೆ. ಎರಡನೆಯ ವರ್ಷದ ಹೊತ್ತಿಗೆ, ಹಾಲು ಕಾಲುಗಂಟೆ ಕಡಿಮೆ ಕಾದುದು, ಡಿಕಾಕ್ಷನ್ನು ಹೆಚ್ಚು ಬೆಂದು ಕಹಿಯೊಡೆದುದು, ಮಳೆಗಾಲದಲ್ಲಿ ಬಿಸ್ಕತ್ತು ತನ್ನ ಪುಡಿಪುಡಿಯಾಗುವ ಗುಣವನ್ನು ಕಳೆದುಕೊಂಡುದು, ಅದನ್ನು ಚಹಾದಲ್ಲಿ ಅದ್ದಿ ಎತ್ತಬೇಕಾದ ಕ್ಷಣ ಯಾವುದು, ಯಾವುದರಾಚೆಗೆ ಅದು ಮುರಿದು ತಳಕ್ಕಿಳಿಯುವುದು, ಇವೆಲ್ಲವೂ ಒಂದೊಂದಾಗಿ ಗೋಚರವಾಗತೊಡಗಿದುವು. ಪದಾರ್ಥ ಅದೇ ಆಗಿತ್ತು. ನನ್ನಲ್ಲಿ ಅದನ್ನು ಗ್ರಹಿಸುವ ಶಕ್ತಿ ಹುಟ್ಟಿತ್ತು. ಹೊಸ ಹೊಸ ರುಚಿಗಳ ಬೆನ್ನು ಹತ್ತಿ ಹೋಗುವವನು ಎಲ್ಲ ಕಡೆಯೂ ಮೊದಲನೆಯ ತಿಂಗಳಿನಲ್ಲಿಯೇ ಉಳಿದಿರುತ್ತಾನೆ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ನಮ್ಮ ಗಾದೆಯನ್ನು ಸಾಮಾನ್ಯವಾಗಿ ಮಿತಾಹಾರದ ಉಪದೇಶವೆಂದು ಅರ್ಥಮಾಡುವರು. ನನಗೆ ಅದರ ಸ್ವಾರಸ್ಯವಿರುವುದು 'ಬಲ್ಲ' ಎಂಬ ಕ್ರಿಯೆಯಲ್ಲಿ. ಉಣ್ಣುವವನಿಗೆ ಎಂದಾಗಲಿ, ಮಿತವಾಗಿ ಉಣ್ಣುವವನಿಗೆ ಎಂದಾಗಲಿ ಗಾದೆ ಹೇಳುವುದಿಲ್ಲ. ಊಟವನ್ನು ಅದು ವಿದ್ಯೆಗಳ ಸಾಲಿನಲ್ಲಿ, ಅದರಲ್ಲಿಯೂ ಮಾತಿನ ಪಕ್ಕದಲ್ಲಿ ಕುಳ್ಳಿರಿಸುತ್ತದೆ. ಮಾತಾದರೂ ನಾವು ಪ್ರತಿದಿನವೂ ಆಡುವುದೇ ಅಲ್ಲವೆ? ಹುಟ್ಟಿದಂದಿನಿಂದ ಅದೇ ಕನ್ನಡವನ್ನು ಆಡುತ್ತಿದ್ದೀರಲ್ಲ, ಬೇಸರವಾಗುವುದಿಲ್ಲವೆ ಎಂದು ನನ್ನ ಬಂಧುಗಳು ನನ್ನನ್ನು ಕೇಳಲಿಲ್ಲ. ಬಳಸಿದಷ್ಟೂ ಮಾತು ಹದಗೊಳ್ಳುವುದೆಂದು ನಾವೆಲ್ಲರೂ ಒಪ್ಪುತ್ತೇವೆ. ಅನ್ನದ ವಿಷಯದಲ್ಲಿ ಮಾತ್ರ ಬಳಕೆಯೇ ಸವಕಳಿಯೆಂದು ಭಾವಿಸುತ್ತೇವೆ.

ಆದರೂ ಆಕ್ಷೇಪಕ್ಕೆ ಎಡೆಯುಂಟು. ಪತ್ರಿಕೆಯ ಹಾಳೆಯಲ್ಲಿ ಮುಖವನ್ನು ಹುದುಗಿಸಿ, ಈಗೀಗ ಮೊಬೈಲಿನ ಬೆಳಕಿನಲ್ಲಿ ಕಣ್ಣನ್ನು ನೆಟ್ಟು, ನಲವತ್ತು ವರ್ಷ ಚಹಾ ಕುಡಿದವನಿಗೆ ಅದರ ರುಚಿ ತಿಳಿಯದೆ ಇರುವುದು ಸಾಧ್ಯ. ಅಂತಹವರು ಪಕ್ಕದ ಮೇಜಿನಲ್ಲಿಯೇ ಇರುವರು. ಆದುದರಿಂದ ಆವೃತ್ತಿಯೊಂದೇ ಸಾಲದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂಬುದನ್ನು ವಿವರಿಸಹೊರಟು, ದೃಷ್ಟಾಂತವನ್ನು ಅಡುಗೆಯಿಂದ ತೆಗೆದುಕೊಂಡನು: ನಾನಾ ವ್ಯಂಜನಗಳಿಂದ ಸಂಸ್ಕೃತವಾದ ಅನ್ನವನ್ನು ಪ್ರಸನ್ನಚಿತ್ತರಾದವರು ಆಸ್ವಾದಿಸಿ ಹರ್ಷಿಸುವಂತೆ, ಪ್ರೇಕ್ಷಕರು ಭಾವಗಳನ್ನು ಆಸ್ವಾದಿಸುವರೆಂದು ಆತನ ಅಭಿಪ್ರಾಯ. ಕಾವ್ಯಮೀಮಾಂಸೆಯ ಅತ್ಯುನ್ನತ ಪದವನ್ನೇ ನಾವು ಅಡುಗೆಮನೆಯಿಂದ ಸಾಲ ತಂದಿರುವೆವು. ಅಡುಗೆಮನೆಗೆ ಅದನ್ನು ಹಿಂದಿರುಗಿಸುವ ಸೌಜನ್ಯವನ್ನು ಮಾತ್ರ ತೋರಿಸಿಲ್ಲ. ಅಲ್ಲಿ ಗಮನಿಸಬೇಕಾದುದು ಪ್ರಸನ್ನಚಿತ್ತವೆಂಬ ನಿಬಂಧನೆ. 'ರುಚಿ' ಎಂಬ ಶಬ್ದಕ್ಕೂ ಸಂಸ್ಕೃತದಲ್ಲಿ ಕಾಂತಿ, ಬೆಳಕು ಎಂಬ ಅರ್ಥವುಂಟು. ಮನಸ್ಸು ಅತ್ತ ತಿರುಗಿದಾಗ ಪದಾರ್ಥವು ಬೆಳಗುತ್ತದೆ, ತಿರುಗದಿದ್ದರೆ ಹೊಟ್ಟೆಗೆ ಇಳಿಯುತ್ತದೆ, ಅಷ್ಟೇ.

ಈ ನಗರಕ್ಕೆ ವಾಯವ್ಯದಲ್ಲಿರುವ, 1956ರವರೆಗೂ ಇದರದೇ ರಾಜ್ಯಕ್ಕೆ ಸೇರಿದ್ದ ನಮ್ಮ ಕಲ್ಯಾಣವನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಭೋಜನದ ವಿಷಯದಲ್ಲಿ ಮನುಷ್ಯನು ತಳೆಯಬಹುದಾದ ನಿಲುವುಗಳಲ್ಲಿ ಮೂರು ಆ ಒಂದೇ ಊರಿನಲ್ಲಿ ಹುಟ್ಟಿದುವು. 1130ರ ಸುಮಾರಿಗೆ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಇಪ್ಪತ್ತು ಅಧ್ಯಾಯಗಳ ಒಂದು ಭಾಗವೇ ಉಪಭೋಗಗಳಿಗೆ ಮೀಸಲಾಗಿದ್ದು, ಅನ್ನಭೋಗ ಪಾನೀಯಭೋಗಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ; ಇಂದಿನ ಇಡ್ಡಲಿ ದೋಸೆಗಳ ಪೂರ್ವಜರೂ ಅಲ್ಲಿ ಕಾಣಿಸಿಕೊಳ್ಳುವರು. ರಾಜ್ಯವನ್ನು ಆಳುವುದರಷ್ಟೇ ಗಂಭೀರವಾದ ವಿಷಯವೆಂಬಂತೆ ಉಣ್ಣುವುದನ್ನು ಕುರಿತು ಬರೆದ ಆ ದೊರೆಯಲ್ಲಿ ನನಗೆ ಗೌರವವಿದೆ. ಆದರೆ ಅವನ ಪಂಕ್ತಿಯಲ್ಲಿ ಬಡಿಸುವವರ ಹೆಸರಾಗಲಿ ಹಸಿವಾಗಲಿ ಎಲ್ಲಿಯೂ ಕಾಣದು. ಅನಂತರ ಮೂರು ನಾಲ್ಕು ದಶಕಗಳೊಳಗೆ ಅದೇ ಊರಿನಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹವು ನಡೆಯಿತು. ಭೋಗವೆಂಬುದರ ಸ್ಥಾನದಲ್ಲಿ ಪ್ರಸಾದವೆಂಬ ಭಾವನೆ ಬಂದಿತು. ತುತ್ತಿನ ಹಿಂದೆ ಕಾಯಕವಿರಬೇಕು, ಪಕ್ಕದಲ್ಲಿ ಮತ್ತೊಬ್ಬನಿರಬೇಕು ಎಂಬ ನಿಯಮಗಳು ಬಂದುವು. ಇದನ್ನು ರುಚಿಯ ನಿರಾಕರಣೆಯೆಂದು ತಿಳಿಯುವವರುಂಟು; ನನಗೆ ಹಾಗೆ ತೋರುವುದಿಲ್ಲ. ಪ್ರಸಾದವೆಂದು ಸ್ವೀಕರಿಸಿದುದನ್ನು ಯಾರೂ ಅನ್ಯಮನಸ್ಕರಾಗಿ ನುಂಗುವುದಿಲ್ಲ.

ಮೂರನೆಯದು ಬಹಳ ಈಚಿನದು. ಕಲ್ಯಾಣದ ನವಾಬರು ಹೈದರಾಬಾದಿಗೆ ಬಂದು ನೆಲಸಿದಾಗ ಅವರ ಮಹಲಿನ ಅಡುಗೆಯೂ ಜತೆಯಲ್ಲಿ ಬಂದು, ಕಲ್ಯಾಣಿ ಬಿರಿಯಾನಿ ಎಂಬ ಹೆಸರಿನಿಂದ ಇಲ್ಲಿನ ಬೀದಿಗಿಳಿಯಿತು. ಪ್ರಸಿದ್ಧವಾದ ಹೈದರಾಬಾದಿ ಬಿರಿಯಾನಿಯ ಕುರಿಯ ಮಾಂಸ, ಕೇಸರಿಗಳ ಸ್ಥಾನದಲ್ಲಿ ಎಮ್ಮೆಯ ಮಾಂಸದ ಸಣ್ಣ ತುಂಡುಗಳು, ಟೊಮೇಟೊ, ಜೀರಿಗೆ, ಕೊತ್ತಂಬರಿ ಬರುವುವು. ಬೆಲೆ ಅಗ್ಗ; ಅದಕ್ಕೆ ಬಡವರ ಬಿರಿಯಾನಿ ಎಂದೇ ಹೆಸರು. ಶಾಕಾಹಾರಿಯಾದ ನಾನು ಅದರ ಸುವಾಸನೆಗೆ ಮಾತ್ರ ಸಾಕ್ಷಿ. ಆದರೆ ಹಗಲೆಲ್ಲ ಮೂಟೆ ಹೊತ್ತವನೊಬ್ಬನು ಅದನ್ನು ಎದುರಿಗಿಟ್ಟುಕೊಂಡು, ಬೆರಳುಗಳಿಂದ ಅನ್ನವನ್ನು ಬಿಡಿಸಿ, ಅವಸರಪಡದೆ ಮೊದಲ ತುತ್ತನ್ನು ಎತ್ತುವುದನ್ನು ಅನೇಕ ಸಲ ನೋಡಿರುವೆನು. ಸೋಮೇಶ್ವರನು ಬರೆಯದೆ ಬಿಟ್ಟ ಅಧ್ಯಾಯವೊಂದು ಅಲ್ಲಿ ನಡೆಯುತ್ತಿರುತ್ತದೆ.

ರುಚಿಯನ್ನು ಶತ್ರುವೆಂದೆಣಿಸಿದವರೂ ಮಹಾತ್ಮರೇ. ಗಾಂಧೀಜಿಯವರು ತಮ್ಮ ಆಶ್ರಮದ ವ್ರತಗಳಲ್ಲಿ ಅಸ್ವಾದವನ್ನೂ ಸೇರಿಸಿ, ಔಷಧವನ್ನು ಸೇವಿಸುವಂತೆ ಅನ್ನವನ್ನು ಸೇವಿಸಬೇಕೆಂದರು. ಅವರ ಮುಂದೆ ನನ್ನ ತಲೆ ತಾನಾಗಿಯೇ ಬಾಗುವುದಾದರೂ, ಈ ಒಂದು ವ್ರತದಲ್ಲಿ ಮನಸ್ಸು ಬಾಗುವುದಿಲ್ಲ. ತೈತ್ತಿರೀಯೋಪನಿಷತ್ತಿನ ಭೃಗುವು ಮೊದಲು ಅನ್ನವೇ ಬ್ರಹ್ಮವೆಂದು ಅರಿತು, ಅನಂತರ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟಿದ ಕಥೆಯನ್ನು ನಮ್ಮ ಉಪನ್ಯಾಸಕಾರರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಉಪನಿಷತ್ತು ಅಲ್ಲಿ ನಿಲ್ಲುವುದಿಲ್ಲ. ಆನಂದವನ್ನು ತಲಪಿದ ಮರುಕ್ಷಣವೇ ಅದು ಮತ್ತೆ ಅನ್ನಕ್ಕೆ ಇಳಿದು, ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು, ಹೆಚ್ಚಾಗಿ ಬೆಳೆಯಬೇಕು ಎಂದು ವಿಧಿಸುತ್ತದೆ. ಅನ್ನವು ಹತ್ತಿ ಒದೆಯಬೇಕಾದ ಏಣಿಯಾಗಿದ್ದರೆ ಮೇಲೆ ಹೋದವನು ಮರಳಿ ಅದರ ಕಾಲಿಗೆ ಏಕೆ ಎರಗಬೇಕು? ರುಚಿಯನ್ನು ಒಪ್ಪುವುದೆಂದರೆ ಲೋಲುಪತೆಯೂ ಅಲ್ಲ. ಗ್ರೀಸಿನ ಎಪಿಕ್ಯೂರಸನ ಗತಿಯನ್ನು ನೋಡಿ: ಆತನ ಹೆಸರು ಇಂದು ಭೋಜನಲೋಲುಪರಿಗೆ ಬಿರುದಾಗಿದೆ, ಆತನಾದರೋ ರೊಟ್ಟಿ ನೀರುಗಳಲ್ಲಿ ತೃಪ್ತನಾಗಿದ್ದು, ಹಬ್ಬ ಮಾಡಬೇಕೆನಿಸಿದಾಗ ಗೆಳೆಯನಿಂದ ಒಂದು ಕುಡಿಕೆ ಗಿಣ್ಣನ್ನು ಬೇಡಿದವನು.

ಇನ್ನು ಪಾನದ ಮಾತು. ನನ್ನ ವಾದದ ಪ್ರಕಾರವೇ ಇದರಲ್ಲಿ ನನಗೆ ಅಧಿಕಾರ ಕಡಿಮೆ, ಏಕೆಂದರೆ ನಾನು ಬಲ್ಲವನಲ್ಲ. ಕನ್ನಡಿಗರಲ್ಲಿ ಅನೇಕರಿಗಾದಂತೆ ನನಗೂ ದ್ರಾಕ್ಷಾರಸದ ಪರಿಚಯವಾದುದು ಡಿ.ವಿ.ಜಿ.ಯವರ 'ಉಮರನ ಒಸಗೆ'ಯಿಂದಲೇ ಹೊರತು ಬಟ್ಟಲಿನಿಂದಲ್ಲ. ವಿನೋದವೇನೆಂದರೆ, ಅನಾಬ್-ಎ-ಶಾಹಿ ದ್ರಾಕ್ಷಿಗೆ ಹೆಸರಾದ ಹೈದರಾಬಾದು ತನ್ನ ದ್ರಾಕ್ಷಿಯನ್ನು ಹಣ್ಣಾಗಿಯೇ ತಿಂದಿತು. ಸಾಮಾನ್ಯರ ಮದ್ಯವು ಬಂದುದು ಈಚಲು, ತಾಳೆಗಳಿಂದ. ದ್ರಾಕ್ಷಾರಸವನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟು, ವರ್ಷವನ್ನು ಬರೆದು, ಮೊಮ್ಮಗನಿಗೆ ಬಿಟ್ಟು ಹೋಗಬಹುದು. ಸೇಂದಿಗೆ ಆ ಆಯುಸ್ಸಿಲ್ಲ. ಸೂರ್ಯೋದಯಕ್ಕೆ ಮುಂಚೆ ಇಳಿಸಿದರೆ ಅದು ಸಿಹಿಯಾದ ನೀರಾ. ಬಿಸಿಲೇರಿದಂತೆ ನೊರೆಗಟ್ಟಿ ಹೆಂಡವಾಗುವುದು. ಮರುದಿನಕ್ಕೆ ಹುಳಿಯೊಡೆದು ನಿರುಪಯುಕ್ತ. ಕೂಡಿಡಲಾಗದ, ಆ ದಿನವೇ ಮುಗಿಯಬೇಕಾದ ಪಾನೀಯವದು. ನಿತ್ಯವೂ ಮರ ಹತ್ತುವ ಒಬ್ಬನ ಶ್ರಮಕ್ಕೆ ಬದ್ಧವಾದುದು. 2023ರಲ್ಲಿ ಹುಸೇನ್ ಸಾಗರದ ದಡದಲ್ಲಿ ಸರ್ಕಾರವು ತೆರೆದ ನೀರಾ ಕೆಫೆಯಲ್ಲಿ ನಾನು ಕುಡಿದುದು ತಂಪಿನಲ್ಲಿಟ್ಟು ಹುಳಿಯಾಗದಂತೆ ಕಾಪಾಡಿದುದು; ಅದರ ಹೊತ್ತನ್ನು ಯಾರೋ ಹಿಡಿದು ನಿಲ್ಲಿಸಿದ್ದಂತೆ ತೋರಿತು.

ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವುದೇ ಅವನ ಕಾಯಕ, ತನ್ನ ಅನುಭಾವವನ್ನು ಆ ಕಾಯಕದ ಪರಿಭಾಷೆಯಲ್ಲಿಯೇ ಅವನು ನುಡಿದನು. 1939ರಲ್ಲಿ ತುರುವನೂರಿನ ಸತ್ಯಾಗ್ರಹಿಗಳು ಈಚಲುಮರಗಳನ್ನೇ ಕಡಿದುರುಳಿಸಿದರು. ಈ ಎರಡನ್ನೂ ಒಂದೇ ನಾಡು ಕಂಡಿದೆ, ಎರಡಕ್ಕೂ ಕಾರಣವಿದೆ. ಕುಡಿತದಿಂದ ಹಾಳಾದ ಮನೆಗಳನ್ನು ನೋಡಿದವನು ಪಾನವನ್ನು ಕುರಿತು ಸುಲಭವಾಗಿ ಮಾತನಾಡಲಾರನು. ಆದರೆ ರುಚಿಯೂ ಅಮಲೂ ಒಂದೇ ಅಲ್ಲ. ರುಚಿಗೆ ಎಚ್ಚರ ಬೇಕು, ಅಮಲಿಗೆ ಮರೆವು ಬೇಕು. ಮರಗಳು ಸಾಲದೆ ಬೇಡಿಕೆ ಮಾತ್ರ ಬೆಳೆದ ಈ ನಗರದಲ್ಲಿ ಕ್ಲೋರಲ್ ಹೈಡ್ರೇಟು, ಆಲ್‌ಪ್ರಜೋಲಾಂ ಮುಂತಾದ ಮತ್ತುಬರಿಸುವ ರಾಸಾಯನಿಕಗಳನ್ನು ನೀರಿಗೆ ಕಲಸಿ ಕಳ್ಳೆಂದು ಮಾರುವ ಅನ್ಯಾಯವು ನಡೆದುಬಂದಿದೆ. ಮರವೇ ಇಲ್ಲದ ಕಳ್ಳು! ಕುಡಿಯುವವನ ನಾಲಗೆ ಬಲ್ಲದ್ದಾಗಿದ್ದರೆ ಆ ವ್ಯಾಪಾರ ಒಂದು ದಿನವೂ ನಡೆಯದು; ಮರೆವನ್ನಷ್ಟೇ ಕೊಳ್ಳಲು ಬಂದವನಿಗೆ ವಿಷವನ್ನಾದರೂ ಮಾರಬಹುದು. ಅವನು ಮರೆಯಬೇಕಾಗಿರುವುದು ಏನನ್ನು ಎಂಬುದು ಬೇರೊಂದು ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಕುಡಿಯದ ನಾವು.

ಮತ್ತೆ ನನ್ನ ಚಹಾದ ಮೇಜಿಗೆ ಬರುವೆನು. ನನ್ನ ಅಜ್ಜನಾದರೆ ಈ ಇರಾನಿ ಹೋಟೆಲಿನ ಮೆಟ್ಟಿಲನ್ನು ಹತ್ತುತ್ತಿರಲಿಲ್ಲ. ಹತ್ತಿದ್ದರೆ ಮನೆಗೆ ಬಂದು ಸ್ನಾನ ಮಾಡುತ್ತಿದ್ದನು. ನನ್ನ ಮೇಜಿಗೆ ಯಾರು ಬಂದು ಕೂಡುವರೆಂಬುದನ್ನು ನಾನು ನಿರ್ಧರಿಸಲಾರೆ. ಆಟೋ ಓಡಿಸುವವರು, ರೈಲಿಳಿದು ಬಂದವರು, ಒಂದು ಚಹಾವನ್ನು 'ಬೈ ಟೂ' ಮಾಡಿ ಹಂಚಿಕೊಳ್ಳುವ ವಿದ್ಯಾರ್ಥಿಗಳು ಬರುವರು, ಹೋಗುವರು. ಅರ್ಧ ಬಟ್ಟಲಿನವನು ನನಗಿಂತ ಹೆಚ್ಚು ಹೊತ್ತು ಕುಡಿಯುವುದನ್ನು ಕಂಡಿರುವೆನು.

ನನ್ನ ಬಂಧುಗಳು ಎರಡನೆಯ ದಿನದಿಂದ ನನ್ನ ಜತೆಗೇ ಬರತೊಡಗಿದರು. ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ನಾನೂ ಈ ವಾದವನ್ನೆಲ್ಲ ಅವರ ಮುಂದೆ ಹೂಡಲಿಲ್ಲ. ಊರಿಗೆ ಹೊರಡುವುದಕ್ಕೆ ಎರಡು ದಿನ ಮುಂಚೆ, ಮೊದಲ ಗುಟುಕನ್ನು ಬಾಯಲ್ಲಿರಿಸಿಕೊಂಡು ಒಂದು ಕ್ಷಣ ತಡೆದು, "ಇವತ್ತ ಹಾಲು ಯಾಕೋ ಕಾದಿಲ್ಲ ಅನಸ್ತದ" ಎಂದರು. ನನಗೆ ಎರಡು ವರ್ಷ ಹಿಡಿದಿದ್ದ ಮಾತದು. ಮನೆಯಲ್ಲಿ ಎಮ್ಮೆ ಕಟ್ಟಿದವರು ಅವರು.