ಯಾರ ಬಟ್ಟಲಿನ ಮೀನು?

ದಾವೀದ ಅರಸನ ಮುಂದೆ ಪ್ರವಾದಿ ನಾತಾನನು ಹೇಳಿದ ಸಾಮತಿ ನಿಮಗೆ ನೆನಪಿರಬಹುದು. ಸಿರಿವಂತನ ಮನೆಗೆ ಅತಿಥಿ ಬರುತ್ತಾನೆ. ಹಿಂಡು ತುಂಬ ಕುರಿಗಳಿದ್ದರೂ ಆ ಸಿರಿವಂತನು ಬಡವನ ಬಳಿಯಿದ್ದ ಒಂದೇ ಒಂದು ಕುರಿಮರಿಯನ್ನು ಕಿತ್ತು ತಂದು ಔತಣ ಮಾಡಿಸುತ್ತಾನೆ. ಅತಿಥಿಸತ್ಕಾರ ತಪ್ಪಲ್ಲ, ಆದರೆ ಅದರ ಬೆಲೆ ತೆತ್ತವರಾರು? ಸಮುದ್ರದ ಮೀನುಗಳ ಸಾಕಣೆಯ ಕುರಿತೂ ನಾವು ಕೇಳಬೇಕಾದ ಪ್ರಶ್ನೆ ಇದೇ.

ಸಾಕಿದ ಜಲಚರಗಳ ಪ್ರಮಾಣವು 2022ರಲ್ಲಿ ಮೊದಲ ಬಾರಿಗೆ ಬಲೆಯಿಂದ ಹಿಡಿದವುಗಳ ಪ್ರಮಾಣವನ್ನು ಮೀರಿತು. ಹಸಿದ ಜಗತ್ತಿಗೆ ಇದು ಶುಭವಾರ್ತೆಯೆಂದೇ ತೋರುತ್ತದೆ. ಆದರೆ ಸಾಲ್ಮನ್‌ನಂಥ ಬೆಲೆಬಾಳುವ ಮೀನುಗಳು ಮಾಂಸಾಹಾರಿಗಳು. ಅವುಗಳ ಮೇವಿಗಾಗಿ ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿ ಹಿಟ್ಟು ಮಾಡುತ್ತಾರೆ. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಪಶ್ಚಿಮ ಆಫ್ರಿಕದ ಸೆನೆಗಲ್, ಗ್ಯಾಂಬಿಯಾ ದೇಶಗಳಲ್ಲಿ ಹೀಗೆ ಕಾರ್ಖಾನೆ ಸೇರುವ ಸಣ್ಣ ಮೀನುಗಳೇ ಬಡವರ ದಿನನಿತ್ಯದ ಆಹಾರ. ಅವುಗಳನ್ನು ಹೊಗೆಯಲ್ಲಿ ಒಣಗಿಸಿ ಮಾರುವ ಮಹಿಳೆಯರ ಜೀವನಾಧಾರ. ನಮ್ಮ ಕರಾವಳಿಯಲ್ಲಿಯೂ ಬಡವರ ಮೀನೆನಿಸಿದ ಬೂತಾಯಿ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ.

ಹಾಗಾದರೆ ಬದಲಿ ಮೇವು ಇಲ್ಲವೇ? ಇದೆ. ಮೀನಿಗೆ ಬೇಕಾದದ್ದು ಹಿಟ್ಟಲ್ಲ, ಅದರಲ್ಲಿರುವ ಪೋಷಕಾಂಶಗಳು. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಶೇಕಡಾ 90ರಷ್ಟು ಸಮುದ್ರಮೂಲದ ವಸ್ತುಗಳಿದ್ದವು. 2013ರ ವೇಳೆಗೆ ಅದು ಶೇಕಡಾ 30ಕ್ಕೆ ಇಳಿಯಿತು. ಆ ಜಾಗವನ್ನು ಬಹುಮಟ್ಟಿಗೆ ಸೋಯಾ ಮತ್ತಿತರ ಸಸ್ಯಮೂಲದ ವಸ್ತುಗಳು ತುಂಬಿದವು. ಆದರೆ ಸೋಯಾ ಬೆಳೆಗಾಗಿ ಬ್ರೆಜಿಲ್ ದೇಶದ ಸೆರಾಡೊ ಎಂಬ ವಿಶಾಲ ಹುಲ್ಲುಗಾವಲು ಹಾಗೂ ಕುರುಚಲು ಕಾಡಿನ ದೊಡ್ಡ ಪ್ರದೇಶಗಳು ನಾಶವಾಗಿವೆ. ಕಡಲಿನ ಹೊರೆಯನ್ನು ಕಾಡಿನ ಹೆಗಲಿಗೆ ವರ್ಗಾಯಿಸುವುದು ಪಶ್ಚಾತ್ತಾಪವಲ್ಲ.

ಇದಕ್ಕಿಂತ ಮೇಲಾದ ದಾರಿಗಳೂ ಇವೆ. ಮೀನು ಹೆಚ್ಚಿದ ಮೇಲೆ ಉಳಿಯುವ ತಲೆ, ಮೂಳೆ, ಕರುಳುಗಳಿಂದಲೇ ಇಂದು ಜಗತ್ತಿನ ಮೀನಿನ ಹಿಟ್ಟಿನ ಸುಮಾರು ಮೂರನೇ ಒಂದು ಭಾಗ ತಯಾರಾಗುತ್ತಿದೆ. ಹಣ್ಣು ತರಕಾರಿಗಳ ತ್ಯಾಜ್ಯ ತಿಂದು ಬೆಳೆಯುವ ಒಂದು ಜಾತಿಯ ನೊಣದ ಮರಿಹುಳುಗಳನ್ನು ಮೀನಿನ ಮೇವಿಗೆ ಬಳಸಲು ಯೂರೋಪಿನ ಒಕ್ಕೂಟ 2017ರಲ್ಲಿ ಅನುಮತಿಸಿತು. ಕಡಲ ಪಾಚಿಯಿಂದ ಎಣ್ಣೆ ತೆಗೆಯುವುದೂ ಸಾಧ್ಯವಾಗಿದೆ. ಇವು ದುಬಾರಿಯೆಂಬುದು ನಿಜ. ಆದರೆ ಬಡವನ ಬಟ್ಟಲಿನಿಂದ ಎತ್ತಿದ ಮೇವನ್ನು ಅಗ್ಗವೆನ್ನುವುದು ಯಾವ ಲೆಕ್ಕ?

ಹೆಚ್ಚು ಬೆಲೆ ಕೊಡುವವನಿಗೆ ಮೀನು ಮಾರುವ ಬೆಸ್ತನನ್ನು ದೂಷಿಸುವುದು ಸುಲಭ. ಅವನಿಗೆ ಡೀಸೆಲ್ ಸಾಲವಿದೆ, ಮಕ್ಕಳ ಶಾಲೆಯ ಶುಲ್ಕವಿದೆ. ನಾತಾನನು ಬೆರಳು ತೋರಿದ್ದು ಬಡವನ ಕಡೆಗಲ್ಲ, ಅಧಿಕಾರವಿದ್ದವನ ಕಡೆಗೆ. ಮೇವು ಬದಲಾದ ಮಾತ್ರಕ್ಕೆ ಬೂತಾಯಿ ತಾನಾಗಿಯೇ ಬಡವನ ಮನೆ ಸೇರುವುದೂ ಇಲ್ಲ. ಅದಕ್ಕೆ ಕಾನೂನು ಬೇಕು. ನೆರೆಯ ಕೇರಳವು 2015ರಲ್ಲಿ ಮರಿ ಮೀನುಗಳನ್ನು ಹಿಡಿಯದಂತೆ ಕನಿಷ್ಠ ಅಳತೆಯನ್ನು ನಿಗದಿಪಡಿಸಿದ್ದು ಅಂಥದೊಂದು ಹೆಜ್ಜೆ.

ಭೂಮಿಯ ಸಂಪತ್ತು ಸಕಲ ಮಾನವರಿಗಾಗಿ ಇದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸಿ’ಯಲ್ಲಿ ಪ್ರಕೃತಿಯ ನೋವನ್ನೂ ಬಡವರ ನೋವನ್ನೂ ಬೇರ್ಪಡಿಸಲಾಗದೆಂದರು. ಆದ್ದರಿಂದ ಯಾವುದೇ ಮೇವನ್ನು ಅಳೆಯುವಾಗ ಅದರಲ್ಲಿ ಪ್ರೋಟೀನು ಎಷ್ಟಿದೆ ಎಂಬುದಷ್ಟೇ ಸಾಲದು. ಅದನ್ನು ಮೊದಲು ಉಣ್ಣುತ್ತಿದ್ದವರು ಯಾರು ಎಂದೂ ಕೇಳಬೇಕು.

ತಪಸ್ಸುಕಾಲದ ಶುಕ್ರವಾರಗಳಂದು ನಾವು ಮಾಂಸ ತೊರೆದು ಮೀನು ಉಣ್ಣುತ್ತೇವೆ. ಆ ಮೀನು ಬೇರೊಬ್ಬರ ಹಸಿವಿನಿಂದ ಕೊಬ್ಬಿದ್ದಾದರೆ, ಉಪವಾಸ ಮಾಡಿದವರು ನಾವಲ್ಲ, ಅವರು.