ಆಲಿಸುವವರ ದುಃಖ

ಪರರ ದುಃಖವನ್ನು ಕೇಳುವುದೇ ವೃತ್ತಿಯಾದವರು ಆ ದುಃಖದಲ್ಲಿ ಎಷ್ಟರಮಟ್ಟಿಗೆ ಪಾಲುಗೊಳ್ಳತಕ್ಕದ್ದು ಎಂಬ ಪ್ರಶ್ನೆ ನಮ್ಮ ದೇಶದ ಚಿಂತನೆಗೆ ಹೊಸತಲ್ಲ. ವೈದ್ಯನ ಮನೋವೃತ್ತಿಯು ನಾಲ್ಕು ಬಗೆಯದಾಗಿರಬೇಕೆನ್ನುವ ಚರಕಸಂಹಿತೆಯು ಮೈತ್ರಿಯನ್ನೂ, ಆರ್ತರಲ್ಲಿ ಕಾರುಣ್ಯವನ್ನೂ, ಗುಣಪಡಿಸಲು ಶಕ್ಯರಾದವರಲ್ಲಿ ಪ್ರೀತಿಯನ್ನೂ ಹೇಳಿ, ಚಿಕಿತ್ಸೆಯ ಕೈಮೀರಿ ಮೃತ್ಯುಮುಖರಾದವರ ವಿಷಯದಲ್ಲಿ ಸಮಚಿತ್ತತೆಯನ್ನು ವಿಧಿಸುತ್ತದೆ. ಬೌದ್ಧಾಚಾರ್ಯ ಬುದ್ಧಘೋಷನಾದರೋ ವಿಸುದ್ಧಿಮಗ್ಗದಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿ, ಕರುಣೆಗೆ ದೂರದ ಶತ್ರು ಕ್ರೌರ್ಯವಾದರೆ ಸಮೀಪದ ಶತ್ರು ಶೋಕವೆಂದೂ, ಸಮಚಿತ್ತತೆಯ ಸಮೀಪದ ಶತ್ರು ಅಜ್ಞಾನದಿಂದ ಹುಟ್ಟಿದ ಔದಾಸೀನ್ಯವೆಂದೂ ತೋರಿಸಿಕೊಟ್ಟನು.

ಈ ಎರಡು ಸಮೀಪಶತ್ರುಗಳಿಗೆ ಇಂದು ಎಲ್ಲರಿಗಿಂತ ಮೊದಲು ಈಡಾಗುವವರು ಮಾನಸಿಕ ಆರೋಗ್ಯಸೇವೆಗೆ ಹೊಸದಾಗಿ ಕಾಲಿಟ್ಟ ತರುಣ ತರುಣಿಯರು. 2022ರ ಅಕ್ಟೋಬರಿನಲ್ಲಿ ಆರಂಭವಾಗಿ ಹಗಲಿರುಳೂ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯಂಥ ವ್ಯವಸ್ಥೆಯಲ್ಲಿ, ರಾತ್ರಿಯ ಯಾವುದೋ ಜಾವದಲ್ಲಿ ಹೆಸರು ಹೇಳಲೊಲ್ಲದ ಒಬ್ಬನು ಇನ್ನು ಬದುಕಲಾರೆನೆಂದು ಹೇಳುವುದನ್ನು ಕೇಳಿ, ಮಾತು ಮುಗಿದೊಡನೆ ಮತ್ತೊಂದು ಕರೆಯನ್ನು ಎತ್ತಿಕೊಳ್ಳಬೇಕಾದ ಆಪ್ತಸಮಾಲೋಚಕಿಗೆ, ಮೊದಲನೆಯವನು ಮುಂದೆ ಏನಾದನೆಂಬುದು ಎಷ್ಟೋ ವೇಳೆ ತಿಳಿಯದೆಯೇ ಉಳಿಯಬಹುದು. ಆ ಧ್ವನಿ ಮನೆಯವರೆಗೂ ಅವಳನ್ನು ಹಿಂಬಾಲಿಸಿ ನಿದ್ರೆಗೆಡಿಸಿದರೆ ನಾವು ಅವಳನ್ನು ಮೃದುಹೃದಯಿ ಎನ್ನುತ್ತೇವೆ. ಕೆಲವು ತಿಂಗಳಲ್ಲಿ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದಂತಾದರೆ ಪಳಗಿದಳೆಂದು ಮೆಚ್ಚುತ್ತೇವೆ. ಮೊದಲನೆಯದು ಶೋಕ, ಎರಡನೆಯದು ಔದಾಸೀನ್ಯ. ಎರಡರಲ್ಲಿಯೂ ಅವಳು ಒಂಟಿ.

ಸಮಚಿತ್ತತೆಯನ್ನು ಏಕಾಂಗಿಯ ತಪಸ್ಸಿನ ಫಲವೆಂದು ಭಾವಿಸಿ, ಅದಿಲ್ಲದವರನ್ನು ದುರ್ಬಲರೆಂದೆಣಿಸುವುದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಬುದ್ಧಘೋಷನೇ ಸಾಧಕನನ್ನು ಮೊದಲು ದಾರಿ ತೋರುವ ಹಿತೈಷಿಯಾದ ಕಲ್ಯಾಣಮಿತ್ರನ ಬಳಿಗೆ ಕಳುಹಿಸುತ್ತಾನೆ. ಚರಕನೂ ಸಮಾನವಿದ್ಯೆಯವರ ಸಂಭಾಷೆಯಲ್ಲಿ ಸಂಧಾಯಸಂಭಾಷೆ, ವಿಗೃಹ್ಯಸಂಭಾಷೆ ಎಂಬ ಎರಡು ಬಗೆಗಳನ್ನು ಗುರುತಿಸಿ, ಸ್ನೇಹದಿಂದ ನಡೆಯುವ ಮೊದಲನೆಯದರಲ್ಲಿ ಸೋಲಿನ ಭಯವಿಲ್ಲದೆ ಕೇಳಬಹುದು, ಹೇಳಬಹುದು ಎನ್ನುತ್ತಾನೆ. ಇಂದು ಸೂಪರ್‌ವಿಷನ್ ಎಂದು ಕರೆಯುವ, ಹಿರಿಯರು ಕಿರಿಯರೊಡನೆ ನಿಯಮಿತವಾಗಿ ಕುಳಿತು ರೋಗಿಗೆ ಏನಾಯಿತೆಂಬುದರ ಜೊತೆಗೆ ಕೇಳಿದವರ ಒಳಗೆ ಏನಾಯಿತೆಂಬುದನ್ನೂ ವಿಚಾರಿಸುವ ಪದ್ಧತಿಯು ಈ ಸಂಧಾಯಸಂಭಾಷೆಯೇ ಆಗಬೇಕು; ವರದಿ ಒಪ್ಪಿಸಿಕೊಳ್ಳುವ ಕ್ರಮವಾದರೆ ಭಯವೇ ಹೆಚ್ಚುತ್ತದೆ. ಗುಣಪಡಿಸಲು ಶಕ್ಯರಾದವರು ಯಾರು, ಕೈಮೀರಿದವರು ಯಾರು ಎಂಬ, ಚರಕನು ಹೇಳಿದ ವಿವೇಕವಂತೂ ಪುಸ್ತಕದಿಂದ ಬರುವಂಥದಲ್ಲ; ಇಂಥ ಸಂಭಾಷೆಯಲ್ಲಿಯೇ ಬೆಳೆಯಬೇಕು. ತಮ್ಮ ಪ್ರಯತ್ನದ ಎಲ್ಲೆ ಯಾವುದೆಂದು ಅರಿಯದ ಹೊಸಬರು ಎಲ್ಲ ಸೋಲನ್ನೂ ತಮ್ಮ ಅಪರಾಧವೆಂದು ಬಗೆಯುತ್ತಾರೆ, ಇಲ್ಲವೆ, ಇದು ಇನ್ನೂ ಭಯಂಕರ, ಗುಣವಾಗುವ ಆಸೆಯಿರುವ ರೋಗಿಯನ್ನೂ ಬಹುಬೇಗನೆ ಅಸಾಧ್ಯನೆಂದು ಕೈಬಿಡುತ್ತಾರೆ.

ರೋಗಿಗಳ ಸಾಲು ಬಾಗಿಲಾಚೆಗೂ ನಿಂತಿರುವಾಗ ಈ ಮಾತುಕತೆಗೆ ಸಮಯವೆಲ್ಲಿ ಎಂದು ಕೇಳುವವರುಂಟು. ದೊಡ್ಡ ನಗರದ ಬೋಧನಾಸ್ಪತ್ರೆಯಲ್ಲಿ ಹಿರಿಯರ ನಡುವೆ ಕಲಿತು, ಬಳಿಕ ದೂರದ ಜಿಲ್ಲೆಯಲ್ಲಿ ತಾನೊಬ್ಬನೇ ಕೂರುವವನನ್ನು ಕಂಡರೆ ಆ ಪ್ರಶ್ನೆ ಏಳದು. ಅವನು ಕುಸಿದು ಕೆಲಸ ಬಿಟ್ಟುಹೋದರೆ ಆ ಸಾಲಿನಲ್ಲಿ ನಿಂತವರನ್ನು ಕೇಳುವವರೇ ಇಲ್ಲವಾಗುತ್ತಾರೆ. ತಾನು ನೋಡುತ್ತಿದ್ದ ರೋಗಿಯು ಪ್ರಾಣ ಕಳೆದುಕೊಂಡನೆಂಬ ಸುದ್ದಿ ಬಂದ ದಿನ, ಅಂಥ ಚಿಕಿತ್ಸಕನಿಗೆ ಕಾರಣ ಕೇಳುವ ಪತ್ರ ತಲಪುವುದಕ್ಕೆ ಮೊದಲೇ ಹಿರಿಯರೊಬ್ಬರು ತಾವಾಗಿಯೇ ಕರೆಮಾಡಿ, ಊಟ ಮಾಡಿದೆಯಾ ಎಂದು ವಿಚಾರಿಸಿ, ಅವನು ಹೇಳುವಷ್ಟನ್ನೂ ಕೇಳಬೇಕು. ಆ ಹೊಣೆಯನ್ನು ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಡದೆ ಸಂಸ್ಥೆಯೇ ತನ್ನ ನಿಯಮವಾಗಿ ಬರೆದುಕೊಳ್ಳಬೇಕು.