ಬಾಗಿಲಿಗೆ ಬರೆದ ತೇಗ

ಮನೆ ಕಟ್ಟಿಸುವವರು ಮುಂಬಾಗಿಲ ಚೌಕಟ್ಟನ್ನು ನಿಲ್ಲಿಸುವ ದಿನ ಅದಕ್ಕೆ ಅರಿಸಿನ ಕುಂಕುಮವಿಟ್ಟು, ಮಾವಿನ ತೋರಣ ಕಟ್ಟಿ, ಹೊಸ್ತಿಲ ಕೆಳಗೆ ನವಧಾನ್ಯವನ್ನೂ ನಾಣ್ಯವನ್ನೂ ಇರಿಸಿ ಪೂಜಿಸುವ ಆಚಾರ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ಉಂಟಷ್ಟೆ. ಆ ಬಾಗಿಲಿಗೆ ತೇಗವೇ ಆಗಬೇಕೆಂಬುದು ಗೃಹಸ್ಥನ ಆಸೆ. ಕೈಯಲ್ಲಿರುವ ಹಣಕ್ಕೆ ದೊರೆಯುವುದು ಬೇವು, ಇಲ್ಲವೆ ಪ್ಲೈವುಡ್ಡಿನ ಕದ. ಆಗ ಬಣ್ಣದವನನ್ನು ಕರೆಯುತ್ತಾರೆ. ಅವನು ಮರದ ಬಿರುಕುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ತೀಡಿ, ತಳದ ಬಣ್ಣ ಒಣಗಿದ ಮೇಲೆ ಕಂದುಬಣ್ಣವನ್ನು ತೆಳುವಾಗಿ ಎಳೆದು, ಅದು ಹಸಿಯಾಗಿರುವಾಗಲೇ ಹಲ್ಲುಳ್ಳ ಪಟ್ಟಿಯಿಂದಲೋ ಒಣ ಕುಂಚದಿಂದಲೋ ಗೆರೆಗಳನ್ನು ಹರಿಸಿ, ಅಲ್ಲಲ್ಲಿ ಒಂದು ಗಂಟನ್ನೂ ಒಂದು ಸುಳಿಯನ್ನೂ ಬಿಡಿಸಿ, ಮೇಲೆ ವಾರ್ನಿಷ್ ಬಳಿದನೆಂದರೆ, ನೋಡುವ ಕಣ್ಣಿಗೆ ಬೇವು ತೇಗವಾಗುತ್ತದೆ. ಪೂಜೆಗೊಂಡ ಬಾಗಿಲಿನ ಮೇಲೆ ಹೀಗೆ ಇಲ್ಲದ ಮರವೊಂದನ್ನು ಬರೆಯಬಹುದೆ? ಇದು ಅಭಿರುಚಿಯ ಮಾತೆಂದು ಬಿಟ್ಟುಬಿಡುವವರುಂಟು. ನನಗಾದರೋ ಇದು ಸತ್ಯವನ್ನು ಕುರಿತ ಪ್ರಶ್ನೆಯಾಗಿ, ಆದಕಾರಣ ಧರ್ಮವನ್ನು ಕುರಿತ ಪ್ರಶ್ನೆಯಾಗಿ ತೋರುತ್ತದೆ.

ಬರೆಯಬಾರದೆಂಬ ಪಕ್ಷಕ್ಕೆ ಬಲವಾದ ಸಾಕ್ಷಿಗಳಿವೆ. ಸತ್ಯದ ಮುಖವನ್ನು ಮುಚ್ಚಿರುವ ಹೊಂಬಣ್ಣದ ಪಾತ್ರೆಯನ್ನು ತೆರೆಯೆಂದು ಈಶಾವಾಸ್ಯದ ಋಷಿ ಪೂಷನನ್ನು ಬೇಡಿಕೊಂಡನು; ಮುಚ್ಚಳವು ಚಿನ್ನದ್ದಾದರೂ ಅದು ಮುಚ್ಚಳವೇ ಎಂಬುದು ಆ ಪ್ರಾರ್ಥನೆಯ ಹುರುಳು. ಮಹಾಭಾರತದಲ್ಲಿ ವಾರಣಾವತದ ಅರಗಿನ ಮನೆಯಿದೆ. ಪುರೋಚನನು ಅರಗು, ತುಪ್ಪ ಮೊದಲಾದ ಉರಿಯುವ ವಸ್ತುಗಳಿಂದ ಗೋಡೆಗಳನ್ನು ಕಟ್ಟಿಸಿ, ಮೇಲೆ ರಾಜಪುತ್ರರಿಗೊಪ್ಪುವ ಅಲಂಕಾರವನ್ನು ಮಾಡಿಸಿದನು. ಆ ನುಣುಪಿನ ಹಿಂದೆ ಕೊಲೆಯ ಸಂಕಲ್ಪವಿತ್ತು. ಒಳಹೊಕ್ಕ ಯುಧಿಷ್ಠಿರನಿಗೆ ಅದು ತಿಳಿದದ್ದು ವಿದುರನ ಮುನ್ನೆಚ್ಚರಿಕೆಯ ಜೊತೆಗೆ ತುಪ್ಪ ಅರಗುಗಳ ವಾಸನೆಯಿಂದ. ಕಣ್ಣು ಮೋಸಹೋಗುವಲ್ಲಿ ಮೂಗು ಮೋಸಹೋಗಲಿಲ್ಲವೆಂಬ ಈ ವಿವರವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಲೇಪನದ ಕೆಲಸ ಮಾಡುವ ಯಾವನೂ ಮರೆಯಬಾರದ ಕಥೆಯಿದು.

ಆದರೆ ಅರಗಿನ ಮನೆಯ ಪಾಪ ಅರಗಿನಲ್ಲಿತ್ತೆ? ಶಂಕರಾಚಾರ್ಯರು ಅಧ್ಯಾಸವನ್ನು ವಿವರಿಸುವಾಗ ಕಪ್ಪೆಚಿಪ್ಪು ಬೆಳ್ಳಿಯಂತೆ ತೋರುವ ದೃಷ್ಟಾಂತವನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ತಪ್ಪು ಚಿಪ್ಪಿನದಲ್ಲ. ಚಿಪ್ಪು ತನ್ನ ಹೊಳಪಿನೊಡನೆ ತಾನಿದ್ದಂತೆಯೇ ಇರುತ್ತದೆ. ಎಂದೋ ಎಲ್ಲಿಯೋ ಕಂಡ ಬೆಳ್ಳಿಯನ್ನು ಅದರ ಮೇಲೆ ಆರೋಪಿಸುವುದು ನೋಡುವವನ ಬುದ್ಧಿ. ಬಣ್ಣ ಬಳಿಸಿದ ಗೃಹಸ್ಥನಿಗಾದರೆ ಆ ಭ್ರಾಂತಿಯೂ ಇಲ್ಲ. ಬೇವಿನ ಬೆಲೆಯನ್ನು ಕೊಟ್ಟವನೇ ಅವನು. ಅನೃತವು ಹುಟ್ಟುವುದು ಆ ಬಾಗಿಲನ್ನು ತೇಗವೆಂದು ಹೇಳಿ ತೇಗದ ಬೆಲೆಗೆ ಮಾರುವ ಬಾಯಲ್ಲಿ. ಗೆರೆಯೆಳೆದ ಕುಂಚವನ್ನೂ ಸುಳ್ಳಾಡಿದ ನಾಲಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ಪಂಡಿತರ ವಾದವಾಗಿ ಮುಗಿಯುತ್ತಿತ್ತು. ಇದಕ್ಕೆ ಜೀವಮರಣಗಳ ಭಾರ ಬಂದದ್ದು ಗೋಪಿನಾಥಂನಂಥ ಊರುಗಳಲ್ಲಿ. ಮಲೆಯ ಮಹದೇಶ್ವರನ ಬೆಟ್ಟವನ್ನು ದಾಟಿ, ಪಾಲಾರಿನ ಕಡೆಗಿಳಿದು, ಕಾಡಿನ ನಡುವೆ ಸಾಗಿದರೆ ಸಿಕ್ಕುವ, ಹೊಗೇನಕಲ್ಲಿಗೆ ಸಮೀಪವಾದ, ಕನ್ನಡದೊಡನೆ ತಮಿಳೂ ಕೇಳಿಬರುವ ಈ ಗಡಿಯೂರು ಈಗ ಹನೂರು ತಾಲ್ಲೂಕಿಗೆ ಸೇರಿದೆ. ಸುತ್ತಲಿನ ಕಾಡು ಆನೆಯದು, ಶ್ರೀಗಂಧದ್ದು. 1792ರಲ್ಲಿ ಟಿಪ್ಪು ಸುಲ್ತಾನನು ರಾಜವೃಕ್ಷವೆಂದು ಸಾರಿದ ಗಂಧದ ಮರವು, 2001ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೆ, ರೈತನ ಸ್ವಂತ ಹೊಲದಲ್ಲಿ ಬೆಳೆದರೂ ರೈತನದಾಗಿರಲಿಲ್ಲ. ರೈತನದಲ್ಲದ ಆ ಮರವನ್ನೂ, ಯಾರದೂ ಆಗಲಾರದ ಆನೆಯ ದಂತವನ್ನೂ ಈ ಊರಿನಲ್ಲಿಯೇ ಹುಟ್ಟಿದ ವೀರಪ್ಪನ್ ವರ್ಷಗಟ್ಟಲೆ ಕೊಳ್ಳೆ ಹೊಡೆದದ್ದು ಎಲ್ಲರೂ ಬಲ್ಲ ಸಂಗತಿ. ಅವನ ಕೈಯನ್ನು ನಾವು ಬಹಳ ಕಾಲ ನೋಡಿದೆವು. ಆ ಕೈಯಿಂದ ಕೊಂಡ ಕೈಗಳನ್ನು ಅಷ್ಟಾಗಿ ನೋಡಲಿಲ್ಲ. ದೂರದ ಊರುಗಳ ಹಜಾರಗಳಲ್ಲಿ ಕುಳಿತು, ದಂತವಾದರೆ ನಿಜವಾದ ದಂತವೇ ಆಗಬೇಕು, ಗಂಧವಾದರೆ ಅಪ್ಪಟ ಗಂಧವೇ ಆಗಬೇಕು, ಅನುಕರಣವು ತಮ್ಮ ಘನತೆಗೆ ಕುಂದು ಎಂದು ಬಗೆದ ಜನರಿಲ್ಲದಿದ್ದರೆ ಆ ಕಾಡಿನಲ್ಲಿ ಗುಂಡು ಹಾರಲು ಕಾರಣವಿರಲಿಲ್ಲ. ವಸ್ತುವಿನಲ್ಲಿ ಸತ್ಯವನ್ನು ಬಯಸಿದವರೇ ಅವರು! ಅವರ ಆ ಸತ್ಯಪ್ರೀತಿಯು ಎಷ್ಟು ಜೀವಗಳನ್ನು ತಿಂದಿತು!

ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಇದೇ ಗೋಪಿನಾಥಂನಲ್ಲಿ ನೆಲೆಸಿ, ಊರವರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು, ಬಂದೂಕಿಗಿಂತ ವಿಶ್ವಾಸವನ್ನು ಹೆಚ್ಚಾಗಿ ನೆಚ್ಚಿ ಕೆಲಸ ಮಾಡಿದರು. ಶರಣಾಗುತ್ತೇನೆಂಬ ವೀರಪ್ಪನ್‌ನ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ಕೊಲ್ಲಲಾಯಿತು. ಮರಣಾನಂತರ ಸರ್ಕಾರವು ಕೀರ್ತಿಚಕ್ರವನ್ನಿತ್ತಿತು, ಊರವರು ತಮ್ಮ ಭಕ್ತಿಯಲ್ಲಿ ಅವರಿಗೊಂದು ಸ್ಥಾನವನ್ನಿತ್ತರು. ಈ ಕಾಡಿನಲ್ಲಿ ಕೊಂದ ಸುಳ್ಳು ಯಾವುದೆಂದು ಕೇಳಿದರೆ, ಅದು ಬಣ್ಣದಲ್ಲಿ ಬರೆದದ್ದಲ್ಲ, ಮಾತಿನಲ್ಲಿ ಕೊಟ್ಟದ್ದು.

ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ಬ್ರಾಹ್ಮಣನ ವೃತ್ತಾಂತವನ್ನು ಹೇಳುತ್ತಾನೆ. ಸತ್ಯವನ್ನಲ್ಲದೆ ನುಡಿಯೆನೆಂದು ವ್ರತ ತೊಟ್ಟಿದ್ದ ಆತನು, ಪ್ರಾಣಭಯದಿಂದ ಕಾಡಿನಲ್ಲಿ ಅಡಗಿದವರ ನೆಲೆಯನ್ನು ಬೆನ್ನಟ್ಟಿ ಬಂದ ದಸ್ಯುಗಳಿಗೆ ಇದ್ದಂತೆಯೇ ತಿಳಿಸಿದನು; ಅಡಗಿದವರು ಹತರಾದರು, ಸತ್ಯವಾದಿಯು ನರಕಕ್ಕಿಳಿದನು. ಜೈನಾಚಾರ್ಯರು ಇದನ್ನೇ ಶಾಸ್ತ್ರಕ್ರಮದಲ್ಲಿ ನಿಲ್ಲಿಸಿದರು: ತತ್ತ್ವಾರ್ಥಸೂತ್ರವು ವ್ರತಗಳನ್ನು ಎಣಿಸುವಾಗ ಹಿಂಸೆಯನ್ನು ಬಿಡುವುದು ಮೊದಲು, ಅನೃತವನ್ನು ಬಿಡುವುದು ಆಮೇಲೆ. ಪ್ರಾಣಿಗೆ ಪೀಡೆಯನ್ನು ತರುವ ನಿಜವನ್ನು ಅವರು ನಿಜದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಮಾತಿಗೆ ಅನ್ವಯಿಸುವ ಈ ತಾರತಮ್ಯ ಮರಕ್ಕೂ ದಂತಕ್ಕೂ ಏಕೆ ಅನ್ವಯಿಸಕೂಡದು?

ಅನ್ವಯಿಸಿದ ಉದಾಹರಣೆ ಮೈಸೂರಿನಲ್ಲಿಯೇ ಇದೆ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಕಟ್ಟಿದ, 1912ರಲ್ಲಿ ಮುಗಿದ ಇಂದಿನ ಅರಮನೆಯ ಅಂಬಾವಿಲಾಸದಲ್ಲಿ, ಬೀಟೆಯ ಮರಕ್ಕೆ ದಂತವನ್ನು ಕೂಡಿಸಿದ ಬಾಗಿಲೊಂದು ಗಣಪತಿಯ ಗುಡಿಗೆ ತೆರೆದುಕೊಳ್ಳುತ್ತದೆ. ಕಪ್ಪುಗೆಂಪಿನ ಬೀಟೆಯನ್ನು ತೋಡಿ, ಬಿಳಿಯ ದಂತದ ತುಣುಕುಗಳನ್ನು ಕೂದಲೂ ತೂರದಂತೆ ಕೂರಿಸಿದ ಆ ಕೆಲಸದ ಮುಂದೆ ನಿಂತವನಿಗೆ ಕೈ ತಾನಾಗಿ ಮುಗಿಯುತ್ತದೆ. ಗಜಮುಖನ ಗುಡಿಗೆ ಗಜದ ದಂತವೆ ಎಂಬ ಪ್ರಶ್ನೆಯೂ ತಾನಾಗಿ ಏಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಿದ್ದುಪಡಿಯಾಗಿ ಭಾರತದ ದಂತದ ವ್ಯಾಪಾರ ನಿಂತಮೇಲೆ ಮೈಸೂರಿನ ಕುಸುರಿಗಾರರು ದಂತವಿದ್ದ ಎಡೆಯಲ್ಲಿ ಬಿಳಿಯ ಪ್ಲಾಸ್ಟಿಕ್ಕನ್ನೂ, ಸಹಜವಾಗಿ ತಿಳಿಬಣ್ಣದ ಬೇರೆ ಮರಗಳನ್ನೂ ಕೂಡಿಸಿದರು. ಕಲೆ ಕೆಟ್ಟಿತೆಂದು ಮರುಗುವ ರಸಿಕರನ್ನು ಕಂಡಿದ್ದೇನೆ. ನಾನು ಅವರೊಡನೆ ಮರುಗಲಾರೆ. ಆ ಪ್ಲಾಸ್ಟಿಕ್ ಚೂರು ದಂತವಲ್ಲ. ಆದರೆ ಅದರ ಹಿಂದೆ ಕೆಡೆದ ಆನೆಯೂ ಇಲ್ಲ. ಆ ಬಿಳುಪಿನಲ್ಲಿ ಹಳೆಯ ಬಿಳುಪಿಗಿಂತ ಹೆಚ್ಚಿನ ಧರ್ಮವಿದೆಯೆಂದು ನನ್ನ ದೃಢವಾದ ನಂಬಿಕೆ.

ಅನುಕರಣದ ಪಕ್ಷವು ಇದರಿಂದ ಪೂರ್ತಿ ನಿರ್ದೋಷಿಯಾಯಿತೆಂದಲ್ಲ. ಬರೆದ ತೇಗದ ಮೇಲೆ ಬಳಿಯುವ ಹಳೆಯ ಪಾಲಿಶಿನ ಮೂಲದಲ್ಲಿಯೂ ಪ್ರಾಣಿಯುಂಟು. ಜಾಲಾರಿ, ಮುತ್ತುಗ ಮುಂತಾದ ಮರಗಳ ಎಳೆಯ ಕೊಂಬೆಗಳಿಗೆ ಹತ್ತುವ ಸಣ್ಣ ಕೀಟವು ತನ್ನ ಸುತ್ತ ಸ್ರವಿಸುವ ರಸವೇ ಅರಗು. ಅದನ್ನು ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿದ್ದು ಈ ಕಾಡಿನ ಸಂಪತ್ತನ್ನು ನೆಚ್ಚಿ. ಚನ್ನಪಟ್ಟಣದವರು ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿ, ಉಜ್ಜಿಕೆಯ ಶಾಖದಿಂದಲೇ ಅದನ್ನು ಕರಗಿಸಿ ಹತ್ತಿಸುತ್ತಾರೆ. ಕೊಳ್ಳೇಗಾಲದ ರೇಷ್ಮೆಯ ಕಥೆಯೂ ಗೂಡನ್ನು ಕುದಿಸುವುದರಿಂದಲೇ ತೊಡಗುತ್ತದೆ. ಹಿಂಸೆಯ ಲವಲೇಶವಿಲ್ಲದ ಅಲಂಕಾರವನ್ನು ನಾನು ಅರಿಯೆ. ಪ್ಲಾಸ್ಟಿಕ್ಕೂ ಮಣ್ಣಿಗೆ ಮರಳದ ವಸ್ತುವೇ. ಜೈನಾಚಾರ್ಯರು ಗೃಹಸ್ಥನಿಗೆ ವಿಧಿಸಿರುವುದು ಅಣುವ್ರತವೇ ಹೊರತು ಮುನಿಯ ಮಹಾವ್ರತವಲ್ಲ. ಹೆಚ್ಚಿನ ನೋವನ್ನು ಬಿಟ್ಟು ಕಡಿಮೆಯದನ್ನು ಆರಿಸಿಕೊಳ್ಳುವ ವಿವೇಕ ಅವನಿಂದಾಗಬೇಕಾದದ್ದು.

ಅರಗಿನ ಪಾಲಿಶಿಗೆ ಒಂದು ಗುಣವುಂಟು, ಅದನ್ನು ಹೇಳದೆ ಬಿಡಲಾರೆ. ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಬಳಿದ ಆ ಲೇಪವು ಎಷ್ಟೋ ವರ್ಷಗಳ ಮೇಲೂ ಹೊಸ ಸ್ಪಿರಿಟ್ಟಿಗೆ ಮತ್ತೆ ಕರಗುತ್ತದೆ. ಆದ್ದರಿಂದ ಮೊಮ್ಮಗನು ಬಳಿದದ್ದು ಅಜ್ಜನು ಬಳಿದದ್ದರೊಡನೆ ಬೆರೆತು ಒಂದಾಗುತ್ತದೆ. ಈಗಿನ ಪಾಲಿಯುರೆಥೇನ್ ಲೇಪ ಗಟ್ಟಿಮುಟ್ಟಾದದ್ದು ನಿಜ, ಅಡುಗೆಮನೆಯ ಎಣ್ಣೆಹೊಗೆಗೂ ನೀರಿಗೂ ಜಗ್ಗದು. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಹೊಸದನ್ನು ತನ್ನೊಳಗೆ ಬಿಟ್ಟುಕೊಳ್ಳದು, ಕೆಟ್ಟರೆ ಉಜ್ಜಿ ತೆಗೆಯಬೇಕು. ಹಿಂದಿನ ಅಡುಗೆಮನೆಯ ಗೋಡೆಗೆ ಬಳಿಯುತ್ತಿದ್ದ ಸುಣ್ಣದ ಪರಿಯೇ ಬೇರೆ: ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಗೋಡೆಗೆ ಬಳಿದರೆ, ಸುಡುವಾಗ ಕಳೆದುಕೊಂಡ ಇಂಗಾಲಾಮ್ಲವನ್ನು ಗಾಳಿಯಿಂದ ಹೀರಿ ಅದು ಮರಳಿ ಕಲ್ಲೇ ಆಗುತ್ತದೆ. ಇಲ್ಲಣ ಹಿಡಿದ ಆ ಗೋಡೆಗೆ ಹಬ್ಬಹಬ್ಬಕ್ಕೆ ಸುಣ್ಣ, ನೆಲಕ್ಕೆ ಸಗಣಿಯ ಸಾರಣೆ, ಒಲೆಗೆ ಕೆಮ್ಮಣ್ಣು, ಅದರ ಮೇಲೆ ರಂಗವಲ್ಲಿ. ಸವೆಯುತ್ತಲೇ ಇರುವುದರಿಂದ ಆರೈಕೆಯನ್ನು ಬೇಡುತ್ತಲೇ ಇರುವ ಇಂಥ ಲೇಪಗಳು ಏನನ್ನೂ ಮರೆಮಾಚುವುದಿಲ್ಲ. ನಿತ್ಯಪೂಜೆಗೆ ಸಮಾನವಾದ ಕೆಲಸವನ್ನು ಮನೆಯವರಿಗೆ ಒದಗಿಸುತ್ತವೆ.

ಹಾಗೆಂದು ಲೇಪನದಲ್ಲಿ ಅನೃತಕ್ಕೆ ಎಡೆಯೇ ಇಲ್ಲವೆಂದಲ್ಲ. ಒಳ್ಳೆಯ ಕೆಲಸಗಾರನು ಕದವನ್ನು ನಿಲ್ಲಿಸುವ ಮುನ್ನ ಅದರ ಕೆಳಗಂಚಿಗೂ ಮೇಲಂಚಿಗೂ ಎರಡು ಕೋಟು ಬಣ್ಣ ಹೊಡೆಯುತ್ತಾನೆ. ಆ ಅಂಚುಗಳನ್ನು ಯಾರೂ ನೋಡರು. ಮರದ ನಾರು ಕಡಿದು ತೆರೆದಿರುವುದು ಅಲ್ಲಿಯೇ. ಮಳೆಗಾಲದ ತೇವ ಒಳನುಗ್ಗಿ ಕದ ಉಬ್ಬುವುದೂ ಅಲ್ಲಿಂದಲೇ. ಆ ಅಂಚನ್ನು ಬಿಟ್ಟು ಎದುರಿನ ಮೈಯನ್ನಷ್ಟೇ ಮಿಂಚಿಸಿದವನ ಕೆಲಸವನ್ನು ನಾನು ಅನೃತವೆಂದು ಕರೆಯುತ್ತೇನೆ, ಅವನು ಬಳಿದದ್ದು ಅಪ್ಪಟ ತೇಗಕ್ಕೇ ಆಗಿದ್ದರೂ ಸರಿಯೆ.

ಇದೇ ಹನೂರು ಸೀಮೆಯಲ್ಲಿ ಸತ್ಯವೂ ಅಹಿಂಸೆಯೂ ಜಗಳವಾಡದ ಒಂದು ಕೆಲಸ ನಡೆದುಬಂದಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೂದೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನವು ಕಾಡುಗಳಿಗೆ ನುಗ್ಗಿ, ಹುಲ್ಲನ್ನು ಅಡಗಿಸಿ, ಜಿಂಕೆಗೂ ಆನೆಗೂ ಮೇವಿಲ್ಲದಂತೆ ಮಾಡಿತು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರು ಆ ಪೊದೆಗಳನ್ನು ಕಡಿದು, ಕೋಲುಗಳನ್ನು ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿಯಾಗಿರುವಾಗಲೇ ಬಾಗಿಸಿ ಕುರ್ಚಿ, ಮೇಜು, ಕಪಾಟುಗಳನ್ನು ಮಾಡುವುದನ್ನು ಕಲಿತರು. ಅದಕ್ಕೆ ಬಳಿಯುವುದು ಮರದ ಗಂಟುಗಳನ್ನು ಗಂಟುಗಳಾಗಿಯೇ ತೋರಿಸುವ ತಿಳಿಯಾದ ವಾರ್ನಿಷ್. ನೋಡಲು ಬೆತ್ತದಂತಿದ್ದರೂ ಬೆತ್ತವೆಂದು ಹೇಳಿಕೊಳ್ಳಬೇಕಾದ ಅಗತ್ಯ ಅದಕ್ಕಿಲ್ಲ. ಕಡಿದಷ್ಟೂ ಕಾಡಿಗೆ ಹಿತ. ಲಂಟಾನದ ಕೋಲು ಹಲಗೆಯಾಗುವಷ್ಟು ದಪ್ಪವಾಗದಾದ್ದರಿಂದ ಮುಂಬಾಗಿಲು ಅದರಿಂದಾಗದು. ಅಡುಗೆಮನೆಯ ಕಪಾಟಿಗೆ ಗಾಳಿಯಾಡುವ ಹೆಣೆದ ಕದಗಳು ಧಾರಾಳವಾಗಿ ಆದಾವು, ಗೆದ್ದಲೂ ಸುಲಭವಾಗಿ ಹತ್ತದು. ಬೆಟ್ಟದ ಮೇಲಿನ ಈ ಕಸುಬು ಗೋಪಿನಾಥಂನ ಮನೆಮನೆಗೂ ಇಳಿಯಬೇಕು. ಕೊಳ್ಳುವವರು ಕೊಳ್ಳೇಗಾಲದಲ್ಲಿಯೂ ಮೈಸೂರಿನಲ್ಲಿಯೂ ಹೊಸ ಮನೆಗಳಿಗೆ ಪ್ಲೈವುಡ್ಡಿನ ಲೆಕ್ಕ ಹಾಕಿಸುವಾಗ ಇದನ್ನೂ ಒಮ್ಮೆ ಕೇಳಿನೋಡಬೇಕು.